ಕೆಜಿಎಫ್ ಗಣಿಯ ನ್ಯೂಟ್ರಿನೊಗೆ ನೊಬೆಲ್ ಯಾಕೆ ಬರಲಿಲ್ಲ? ಒಂಬತ್ತನೇ ಕ್ಲಾಸಿನ ಹುಡುಗಿಗೆ ಏನು ಹೇಳಲಿ?

ಮಾಲೂರು ಮೇಷ್ಟ್ರು · ಶುಕ್ರವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಾಲೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ತಿಳಿದವರು ಸಹಾಯ ಮಾಡಬೇಕು.

ಇವತ್ತು ನಮ್ಮಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇತ್ತು. ಮಕ್ಕಳು ಎಂದಿನಂತೆ ಜ್ವಾಲಾಮುಖಿ, ಹನಿ ನೀರಾವರಿ, ಸೋಲಾರ್ ಒಲೆ ಮಾಡಿದ್ದರು. ಒಂಬತ್ತನೇ ಕ್ಲಾಸಿನ ಒಬ್ಬಳು ಮಾತ್ರ ಥರ್ಮೋಕೋಲಿನಲ್ಲಿ ಕೆಜಿಎಫ್ ಗಣಿ ಕಟ್ಟಿದ್ದಳು. ಮೇಲೆ ಶಾಫ್ಟಿನ ಚಕ್ರ, ದಾರಕ್ಕೆ ತೂಗುಬಿಟ್ಟ ಬೆಂಕಿಪೊಟ್ಟಣದ ಕೇಜು, ತಳದಲ್ಲಿ ಒಂದು ಪುಟ್ಟ ಡಬ್ಬಿ. ಪಕ್ಕದ ಚಾರ್ಟಿನಲ್ಲಿ ದಪ್ಪ ಅಕ್ಷರ: "ವಾತಾವರಣದ ನ್ಯೂಟ್ರಿನೊ, ಜಗತ್ತಿನಲ್ಲೇ ಮೊದಲು ನಮ್ಮ ಕೋಲಾರದಲ್ಲಿ, 1965". ನ್ಯೂಟ್ರಿನೊ ಅಂದರೆ ಎಲ್ಲವನ್ನೂ ತೂರಿ ಹೋಗುವ ಒಂದು ಪುಟ್ಟ ಕಣ ಎಂದು ಹೆದರದೆ ಎಲ್ಲರಿಗೂ ವಿವರಿಸುತ್ತಿದ್ದಳು.

ನೋಡಲು ಬಂದ ಪೋಷಕರೊಬ್ಬರು ಕೇಳಿದರು, "ಅಷ್ಟು ದೊಡ್ಡ ವಿಷಯ ಅಂದ್ರೆ ನೊಬೆಲ್ ಯಾಕೆ ಬರಲಿಲ್ಲಮ್ಮಾ?" ಅವಳು ನನ್ನ ಮುಖ ನೋಡಿದಳು. ನಾನು, "ನಮ್ಮೋರಿಗೆ ಯಾರು ಕೊಡ್ತಾರೆ, ಎಲ್ಲಾ ರಾಜಕೀಯ" ಅಂದುಬಿಟ್ಟೆ. ಅವಳು ತಲೆ ಆಡಿಸಿದಳು. ಆದರೆ ಮುಖದಲ್ಲಿ ಸಮಾಧಾನ ಇರಲಿಲ್ಲ. ನನಗೂ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಹೇಳಿದೆ ಅಲ್ವಾ, ಅದು ಚುಚ್ಚುತ್ತಿದೆ.

ಸೋಮವಾರ ಅವಳಿಗೆ ಸರಿಯಾದ ಉತ್ತರ ಕೊಡಬೇಕು. ನಿಜವಾಗಿ ಏನಾಯಿತು?

ಊರಿಗಾಂ ಹುಡುಗ · ಶುಕ್ರವಾರ, ರಾತ್ರಿ 10:25

ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ನಾನು ಊರಿಗಾಂನವನು. ತಾತ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ಅಪ್ಪನೂ ಅಲ್ಲೇ, 1974ರಿಂದ. ಬೆಂಕಿಪೊಟ್ಟಣದ ಕೇಜು ಅಂತ ಓದಿದಾಗ ಮೈ ಜುಂ ಅಂದಿತು.

ನೊಬೆಲ್ ವಿಷಯ ತಿಳಿದವರು ಹೇಳಲಿ. ನನಗೆ ಗೊತ್ತಿರುವುದು ಕೆಳಗಿನ ಕಥೆ. ಕೇಜಿನಲ್ಲಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದೆ ಎನ್ನುತ್ತಾರೆ ಅಪ್ಪ. ಒಂದೇ ಸಲಕ್ಕೆ ತಳ ಮುಟ್ಟುವುದಿಲ್ಲ, ನಡುವೆ ಇಳಿದು ಇನ್ನೊಂದು ಶಾಫ್ಟಿಗೆ ನಡೆಯಬೇಕು. ಆಳಕ್ಕೆ ಹೋದಂತೆ ಕಲ್ಲೇ ಬಿಸಿ, ಕೈ ಇಟ್ಟರೆ ಸುಡುತ್ತದೆ. ಮೇಲಿಂದ ತಣ್ಣನೆ ಗಾಳಿ ಕಳಿಸದಿದ್ದರೆ ಮನುಷ್ಯ ಅಲ್ಲಿ ನಿಲ್ಲಲಾರ. ಇದೆಲ್ಲದಕ್ಕಿಂತ ರಾಕ್ ಬರ್ಸ್ಟಿನ ಭಯ ಜಾಸ್ತಿ. ಯಾವ ಗೋಡೆ ಯಾವಾಗ ಸಿಡಿಯುತ್ತದೋ ಹೇಳಲಾಗದು.

ಅಂಥ ಜಾಗಕ್ಕೆ ವಿಜ್ಞಾನಿಗಳು ದಿನಾ ಇಳಿಯುತ್ತಿದ್ದರು. ನಮ್ಮವರು ಅವರನ್ನು ಬಾಂಬೆ ಸಾರ್‌ಗಳು ಎನ್ನುತ್ತಿದ್ದರು. 1980ರ ಹೊತ್ತಿಗೆ ಉದ್ದುದ್ದ ಚೌಕದ ಕಬ್ಬಿಣದ ಕೊಳವೆಗಳನ್ನು ಕೇಜಿನಲ್ಲಿ ಇಳಿಸಿದ್ದು ಅಪ್ಪನಿಗೆ ಚೆನ್ನಾಗಿ ನೆನಪಿದೆ. ಅವರೂ ಕೈ ಕೊಟ್ಟಿದ್ದರು. "ನಾವೆಲ್ಲಾ ಕಲ್ಲು ಒಡೆಯೋಕೆ ಇಳೀತಿದ್ವಿ. ಆ ಸಾರ್‌ಗಳಿಗೆ ಮಾತ್ರ ಕಲ್ಲು ಒಡೀದೆ ಹಾಗೇ ಇರಬೇಕಿತ್ತು" ಎಂದು ಈಗಲೂ ಹೇಳುತ್ತಾರೆ. ಯಾಕೆ ಅಂತ ನನಗೆ ತಿಳಿದದ್ದು ಡಿಗ್ರಿಗೆ ಹೋದ ಮೇಲೆ.

ಗೌರಿಬಿದನೂರು ಆಂಟೆನಾ · ಶನಿವಾರ, ಬೆಳಗ್ಗೆ 6:50

ಊರಿಗಾಂ ತಮ್ಮಾ, ನಿಮ್ಮ ಅಪ್ಪನ ಮಾತಿನಲ್ಲೇ ಇಡೀ ಪ್ರಯೋಗ ಇದೆ. ಅಲ್ಲಿಂದಲೇ ಶುರು ಮಾಡುತ್ತೇನೆ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ರಿಟೈರ್ ಆದವನು.

ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ನಮ್ಮ ಗಾಳಿಗೆ ಬಡಿದಾಗ ಮ್ಯೂಯಾನ್ ಎಂಬ ಕಣಗಳು ಹುಟ್ಟುತ್ತವೆ, ಜೊತೆಗೆ ನ್ಯೂಟ್ರಿನೊಗಳು. ಈಗ ಅಂಗೈ ಚಾಚಿ ನಿಂತರೆ ಸೆಕೆಂಡಿಗೆ ಒಂದಾದರೂ ಮ್ಯೂಯಾನ್ ಅದನ್ನು ದಾಟಿ ಹೋಗುತ್ತದೆ. ನ್ಯೂಟ್ರಿನೊ ಅದಕ್ಕಿಂತ ಲೆಕ್ಕವಿಲ್ಲದಷ್ಟು ಹೋಗುತ್ತದೆ, ಆದರೆ ಯಾವುದನ್ನೂ ಮುಟ್ಟುವುದಿಲ್ಲ. ಎಲ್ಲೋ ಅಪರೂಪಕ್ಕೆ ಒಂದು ನ್ಯೂಟ್ರಿನೊ ಕಲ್ಲಿನೊಳಗೆ ಡಿಕ್ಕಿ ಹೊಡೆದು ಒಂದು ಮ್ಯೂಯಾನನ್ನು ಹುಟ್ಟಿಸುತ್ತದೆ. ಅದನ್ನು ಹಿಡಿಯಬೇಕಾದರೆ ಮೇಲಿಂದ ಸುರಿಯುವ ಮಾಮೂಲಿ ಮ್ಯೂಯಾನ್‌ಗಳೆಲ್ಲ ನಿಲ್ಲಬೇಕು. ಅವನ್ನು ನಿಲ್ಲಿಸುವುದೇ ಕಲ್ಲು. ಅದಕ್ಕೇ ಆ ಸಾರ್‌ಗಳಿಗೆ ಕಲ್ಲು ಹಾಗೇ ಬೇಕಿತ್ತು.

ಹೋಮಿ ಭಾಭಾ 1950ರ ದಶಕದ ಆರಂಭದಲ್ಲೇ ಕೆಜಿಎಫ್‌ಗೆ ಜನ ಕಳಿಸಿದರು. ಮೊದಲು ಇಳಿದವರಲ್ಲಿ ಬಿ.ವಿ. ಶ್ರೀಕಂಠನ್ ಒಬ್ಬರು. ನಮ್ಮ ನಂಜನಗೂಡಿನವರು, ಮುಂದೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ನಿರ್ದೇಶಕರಾದರು. ಒಂದೊಂದು ಆಳದಲ್ಲೂ ಮ್ಯೂಯಾನ್ ಎಷ್ಟು ಬರುತ್ತವೆ ಎಂದು ಎಣಿಸುತ್ತಾ ಹೋದರು. 1960ರ ದಶಕದ ಆರಂಭದಲ್ಲಿ ಸುಮಾರು 2.7 ಕಿ.ಮೀ. ಆಳದಲ್ಲಿ ಉಪಕರಣ ಇಟ್ಟು ಎರಡು ತಿಂಗಳು ಕಾದರು. ಒಂದೇ ಒಂದು ಮ್ಯೂಯಾನ್ ಕೂಡ ಬರಲಿಲ್ಲ. ಬೇರೆಯವರಾದರೆ ಪೆಟ್ಟಿಗೆ ಕಟ್ಟಿ ಮನೆಗೆ ಹೋಗುತ್ತಿದ್ದರು. ಇವರಿಗೆ ಅಲ್ಲೇ ಹೊಳೆಯಿತು: ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಏನಾದರೂ ಕಂಡರೆ ಅದು ನ್ಯೂಟ್ರಿನೊದಿಂದಲೇ ಬಂದಿರಬೇಕು.

ಚಾಂಪಿಯನ್ ರೀಫ್‌ನಲ್ಲಿ 2.3 ಕಿ.ಮೀ. ಆಳದಲ್ಲಿ ಪ್ರಯೋಗ ಹೂಡಿದರು. ಟಿಐಎಫ್‌ಆರ್ ಜೊತೆಗೆ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿದರು. ಅಡ್ಡಡ್ಡ ಬರುವ ಮ್ಯೂಯಾನ್‌ಗಳನ್ನೇ ಹುಡುಕಿದರು, ಯಾಕೆಂದರೆ ಅಡ್ಡ ದಿಕ್ಕಿನಲ್ಲಿ ನೂರಾರು ಕಿ.ಮೀ. ಕಲ್ಲು. ಮಾಮೂಲಿ ಮ್ಯೂಯಾನ್ ಅದನ್ನು ದಾಟಿ ಬರಲು ಸಾಧ್ಯವೇ ಇಲ್ಲ. ಕೊನೆಗೂ ಸಿಕ್ಕಿತು.

ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಅಮೆರಿಕದ ಫ್ರೆಡರಿಕ್ ರೈನೆಸ್ ತಂಡ ಇದೇ ಕೆಲಸಕ್ಕೆ ಇಳಿದಿತ್ತು. ಕೋಲಾರದ ಪ್ರಬಂಧ ಪತ್ರಿಕೆಗೆ ತಲುಪಿದ್ದು 1965ರ ಜುಲೈ 12, ಅಚ್ಚಾದದ್ದು ಆಗಸ್ಟ್ 15. ರೈನೆಸ್ ಪ್ರಬಂಧ ತಲುಪಿದ್ದು ಜುಲೈ 26, ಅಚ್ಚಾದದ್ದು ಆಗಸ್ಟ್ 30. ಹದಿನೈದು ದಿನ ನಾವು ಮುಂದೆ. ಆದರೆ ಮೇಷ್ಟ್ರೇ, ಇನ್ನೊಂದು ತಾರೀಕೂ ಇದೆ. ರೈನೆಸ್ ಅವರಿಗೆ ಮೊದಲ ಗುರುತು ಸಿಕ್ಕಿದ್ದು ಫೆಬ್ರವರಿ 23ಕ್ಕೆ. ಕೋಲಾರದಲ್ಲಿ ಸಿಕ್ಕಿದ್ದು ಅದಾದ ಮೇಲೆ. ಆದ್ದರಿಂದ ಚಾರ್ಟಿನಲ್ಲಿ "ಮೊದಲು ಪ್ರಕಟಿಸಿದ್ದು" ಎಂದು ಬರೆಸಿ. ಅಷ್ಟೇ ನಿಜ, ಅಷ್ಟೂ ನಿಜ.

ಬಂಗಾರಪೇಟೆ ಪ್ಯಾಸೆಂಜರ್ · ಶನಿವಾರ, ಬೆಳಗ್ಗೆ 8:05

ಸಾರ್, ಗೌರವದಿಂದಲೇ ಕೇಳುತ್ತೇನೆ. ಇಷ್ಟೆಲ್ಲ ಹೇಳಿ ಮುಖ್ಯ ಮಾತು ಬಿಟ್ಟಿರಿ. 1995ರಲ್ಲಿ ರೈನೆಸ್ ಅವರಿಗೆ ನೊಬೆಲ್ ಬಂತು. ನಮ್ಮವರಿಗೆ ಬರಲಿಲ್ಲ. ಇದು ಅನ್ಯಾಯ ಅಲ್ವಾ? ಸತ್ಯೇಂದ್ರನಾಥ ಬೋಸ್ ಅವರಿಗೂ ಹೀಗೇ ಆಯಿತು. ಅವರ ಹೆಸರಿನ ಕಣ ಇದೆ, ಅವರ ಹೆಸರಿನ ದ್ರವ್ಯಸ್ಥಿತಿಯನ್ನು ತಯಾರಿಸಿದವರಿಗೆ 2001ರಲ್ಲಿ ನೊಬೆಲ್ ಬಂತು, ಅವರಿಗೆ ಮಾತ್ರ ಇಲ್ಲ. ಭೌತವಿಜ್ಞಾನಿ ಇ.ಸಿ.ಜಿ. ಸುದರ್ಶನ್ ಅವರನ್ನು 2005ರಲ್ಲಿ ಬಿಟ್ಟರು. ಮೇಷ್ಟ್ರು ಆ ಮಗುವಿಗೆ ಹೇಳಿದ್ದರಲ್ಲಿ ಏನು ತಪ್ಪು?

ಗೌರಿಬಿದನೂರು ಆಂಟೆನಾ · ಶನಿವಾರ, ಬೆಳಗ್ಗೆ 11:30

ಪ್ಯಾಸೆಂಜರ್ ಅವರೇ, ನಿಮ್ಮ ಸಿಟ್ಟು ನನ್ನದೂ ಹೌದು. ಸುದರ್ಶನ್ ವಿಷಯದಲ್ಲಿ ಇವತ್ತಿಗೂ ನನಗೆ ಸಮಾಧಾನ ಇಲ್ಲ. ಬೆಳಕಿನ ಕ್ವಾಂಟಮ್ ಸಿದ್ಧಾಂತದಲ್ಲಿ ಅವರ ಕೆಲಸ ಎಷ್ಟು ಮುಖ್ಯ ಎಂದು ಆ ವರ್ಷ ಬೇರೆ ಭೌತವಿಜ್ಞಾನಿಗಳೇ ಸಮಿತಿಗೆ ಬರೆದರು. ಶಂಭುನಾಥ ಡೇ ಅವರ ಕಥೆ ಇನ್ನೂ ನೋವಿನದು. ಕಾಲರಾ ಯಾಕೆ ಅಷ್ಟು ನೀರು ಕಳೆಯುತ್ತದೆ? ಬ್ಯಾಕ್ಟೀರಿಯ ಬಿಡುವ ವಿಷದಿಂದ ಎಂದು 1959ರಲ್ಲಿ ಕಲ್ಕತ್ತದಲ್ಲಿ ತೋರಿಸಿದವರು ಅವರು. ನೊಬೆಲ್ ಪಡೆದ ಜೋಶುವ ಲೆಡರ್‌ಬರ್ಗ್ ಸ್ವತಃ ಅವರ ಹೆಸರು ಸೂಚಿಸಿದರು. ಬರಲಿಲ್ಲ. 1985ರಲ್ಲಿ ತೀರಿಕೊಂಡರು. ನಮ್ಮ ದೇಶದಲ್ಲೇ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ಹೆಸರು ಸೂಚಿಸುವ ಪದ್ಧತಿಯೂ ಒಂದು ಕಾರಣ. ಯಾರು ಬೇಕಾದರೂ ಅರ್ಜಿ ಹಾಕುವಂತಿಲ್ಲ. ಸಮಿತಿ ಯಾರನ್ನು ಕೇಳುತ್ತದೋ ಅವರು ಮಾತ್ರ ಜನವರಿ 31ರ ಒಳಗೆ ಬರೆದು ಕಳಿಸಬೇಕು. ಹಿಂದೆ ಸಮಿತಿ ಹಾಗೆ ಕೇಳುತ್ತಿದ್ದವರಲ್ಲಿ ಯುರೋಪ್, ಅಮೆರಿಕದವರೇ ಜಾಸ್ತಿ. ಕಣ್ಣೆದುರಿಗೆ ಇರುವವರ ಕೆಲಸ ಮೊದಲು ಕಾಣುತ್ತದೆ. ದೂರದವರದು ಕಾಣುವುದಿಲ್ಲ. ಅಷ್ಟರ ಮಟ್ಟಿಗೆ ಮೇಷ್ಟ್ರ ಮಾತು ಸುಳ್ಳಲ್ಲ.

ಆದರೆ ಕೋಲಾರಕ್ಕೆ ಅದನ್ನೇ ಅಂಟಿಸಬೇಡಿ. ರೈನೆಸ್ ಅವರಿಗೆ 1995ರಲ್ಲಿ ಬಂದ ನೊಬೆಲ್ ದಕ್ಷಿಣ ಆಫ್ರಿಕಾದ ಗಣಿಗೆ ಅಲ್ಲ. 1956ರಲ್ಲಿ ಕ್ಲೈಡ್ ಕೋವನ್ ಜೊತೆ ಸೇರಿ ಪರಮಾಣು ರಿಯಾಕ್ಟರ್ ಪಕ್ಕ ನ್ಯೂಟ್ರಿನೊವನ್ನು ಮೊದಲ ಸಲ ಹಿಡಿದದ್ದಕ್ಕೆ. ಅದಕ್ಕೂ 39 ವರ್ಷ ಕಾಯಿಸಿದರು. ಅಷ್ಟರಲ್ಲಿ ಕೋವನ್ ತೀರಿಕೊಂಡು 21 ವರ್ಷವಾಗಿತ್ತು. ಸತ್ತವರಿಗೆ ಕೊಡುವುದಿಲ್ಲ ಎಂಬ ನಿಯಮ, ಆದ್ದರಿಂದ ಸಮಪಾಲಿನ ಕೆಲಸ ಮಾಡಿದ ಕೋವನ್ ಹೆಸರು ಪಟ್ಟಿಯಲ್ಲೇ ಇಲ್ಲ. ಅವರು ಅಮೆರಿಕದವರೇ.

1965ರ ಕೆಲಸಕ್ಕೆ ಎರಡು ತಂಡದಲ್ಲಿ ಯಾರಿಗೂ ನೊಬೆಲ್ ಬಂದಿಲ್ಲ. ಪ್ರಶ್ನೆಯನ್ನು ಅಲ್ಲಿಂದ ಕೇಳಬೇಕು.

ನನಗೆ ಕಾಣುವ ದೊಡ್ಡ ಕಾರಣ ಇದು. ವಾತಾವರಣದಲ್ಲಿ ನ್ಯೂಟ್ರಿನೊ ಹುಟ್ಟುತ್ತದೆ ಎಂದು ಲೆಕ್ಕ ಆಗಲೇ ಹೇಳುತ್ತಿತ್ತು. ನ್ಯೂಟ್ರಿನೊ ಇದೆ ಎಂದು 1956ರಲ್ಲೇ ಗೊತ್ತಾಗಿತ್ತು. ಅದರಲ್ಲಿ ಎರಡು ಬಗೆ ಇವೆ ಎಂದು 1962ರಲ್ಲಿ ತಿಳಿಯಿತು, ಅದಕ್ಕೆ 1988ರಲ್ಲಿ ನೊಬೆಲ್ ಕೊಟ್ಟರು. ಕೋಲಾರದಲ್ಲಿ ಕಂಡದ್ದು ಇರಬೇಕಾದ ವಸ್ತು ಇರಬೇಕಾದ ಜಾಗದಲ್ಲಿ ಇದೆ ಎಂಬುದು. ಕಷ್ಟದ ಕೆಲಸ, ಸೊಗಸಾದ ಕೆಲಸ. ಆದರೆ ಬಹುಮಾನ ಕೊಡುವವರು ಅಚ್ಚರಿಯನ್ನು ಹುಡುಕುತ್ತಾರೆ. ಅದೇ ವಾತಾವರಣದ ನ್ಯೂಟ್ರಿನೊದಲ್ಲಿ ಒಂದು ಅಚ್ಚರಿ ಅಡಗಿತ್ತು. ಬೆರಳೆಣಿಕೆಯ ಗುರುತುಗಳಲ್ಲಿ ಅದು ಕಾಣುವ ಹಾಗಿರಲಿಲ್ಲ. ಕಂಡದ್ದು 33 ವರ್ಷ ಆದ ಮೇಲೆ, ಜಪಾನಿನಲ್ಲಿ. ಅದನ್ನು ಸಂಜೆ ಬರೆಯುತ್ತೇನೆ.

ಪ್ರಬಂಧದಲ್ಲಿ 11 ಹೆಸರು ಇದ್ದದ್ದೂ ಒಂದು ತೊಡಕು. ನೊಬೆಲ್ ಮೂವರಿಗಿಂತ ಜಾಸ್ತಿ ಜನಕ್ಕೆ ಹಂಚುವುದಿಲ್ಲ. ಮೂರು ದೇಶದ ಹನ್ನೊಂದು ಜನರಲ್ಲಿ ಮೂವರನ್ನು ಹೇಗೆ ಆರಿಸುತ್ತೀರಿ?

ಶಿಡ್ಲಘಟ್ಟ ರೇಷ್ಮೆ · ಶನಿವಾರ, ಮಧ್ಯಾಹ್ನ 2:15

ಸಾರ್, ನಾನು ಬೆಂಗಳೂರಿನಲ್ಲಿ ಭೌತಶಾಸ್ತ್ರದಲ್ಲೇ ಪಿಎಚ್‌ಡಿ ಮಾಡುತ್ತಿದ್ದೇನೆ. ಮೇಷ್ಟ್ರಿಗೆ ಒಂದು ಮನವಿ. ಆ ಹುಡುಗಿಗೆ ಬಿಭಾ ಚೌಧುರಿ ಅವರ ಬಗ್ಗೆ ದಯವಿಟ್ಟು ಹೇಳಿ.

ಕಲ್ಕತ್ತದಲ್ಲಿ ಡಿ.ಎಂ. ಬೋಸ್ ಜೊತೆ ಅವರು ಹಿಮಾಲಯದ ಎತ್ತರದಲ್ಲಿ ಫೋಟೋ ಪ್ಲೇಟುಗಳನ್ನು ತಿಂಗಳುಗಟ್ಟಲೆ ಇಟ್ಟು ಕಾಸ್ಮಿಕ್ ಕಿರಣಗಳ ಗೆರೆ ನೋಡುತ್ತಿದ್ದರು. ಪ್ರೋಟಾನಿಗಿಂತ ಹಗುರ, ಎಲೆಕ್ಟ್ರಾನಿಗಿಂತ ಭಾರದ ಕಣ ಕಂಡಿತು. 1941 ಮತ್ತು 42ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಕಣದ ತೂಕ ಖಚಿತವಾಗಿ ಹೇಳಲು ಇನ್ನೂ ಒಳ್ಳೆಯ ಪ್ಲೇಟು ಬೇಕಿತ್ತು. ಎರಡನೇ ಮಹಾಯುದ್ಧದ ಕಾಲ, ಪ್ಲೇಟು ಸಿಗಲಿಲ್ಲ. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಸೆಸಿಲ್ ಪೊವೆಲ್ ಇದೇ ವಿಧಾನದಲ್ಲಿ, ಉತ್ತಮ ಪ್ಲೇಟು ಇಟ್ಟುಕೊಂಡು ಪಯಾನ್ ಎಂಬ ಕಣವನ್ನು ಕಂಡುಹಿಡಿದರು. 1950ರ ನೊಬೆಲ್ ಅವರಿಗೆ ಬಂತು. ಪೊವೆಲ್ ಕೆಲಸ ದೊಡ್ಡದೇ, ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಒಂದು ಪ್ಲೇಟು ಸಿಗದೆ ಹೋದದ್ದನ್ನು ಓದಿದಾಗ ನನಗೆ ಅಳು ಬಂದಿತ್ತು. ಬಿಭಾ ಅವರು ಆಮೇಲೆ ಟಿಐಎಫ್‌ಆರ್ ಸೇರಿದರು. ಮುಂದೆ ನಮ್ಮ ಕೆಜಿಎಫ್ ಪ್ರಯೋಗಗಳಲ್ಲೂ ಕೆಲಸ ಮಾಡಿದರು. 1991ರಲ್ಲಿ ತೀರಿಕೊಂಡರು. 2019ರಲ್ಲಿ ಒಂದು ನಕ್ಷತ್ರಕ್ಕೆ ಬಿಭಾ ಎಂದು ಹೆಸರಿಟ್ಟರು.

ಹೆಂಗಸರ ವಿಷಯದಲ್ಲಿ ಇದು ಒಂದೆರಡು ಸಲ ಆದದ್ದಲ್ಲ. ಪರಮಾಣು ಒಡೆಯುವುದು ಎಂದರೇನು ಎಂದು ಲೆಕ್ಕ ಹಾಕಿ ತಿಳಿಸಿದ ಲೀಸ ಮೈಟ್ನರ್ ಅವರನ್ನು ಬಿಟ್ಟು 1944ರ ಬಹುಮಾನ ಆಟೊ ಹಾನ್ ಒಬ್ಬರಿಗೇ ಹೋಯಿತು. ಮೈಟ್ನರ್ ಯಹೂದಿ, ಹಿಟ್ಲರನ ಜರ್ಮನಿಯಿಂದ ಜೀವ ಉಳಿಸಿಕೊಂಡು ಓಡಿದ್ದರು. ಪ್ರಯೋಗಾಲಯ ದೂರವಾಯಿತು, ಪ್ರಬಂಧದಲ್ಲಿ ಹೆಸರೂ ದೂರವಾಯಿತು. ಪಲ್ಸಾರ್ ಎಂಬ ಮಿಡಿಯುವ ನಕ್ಷತ್ರದ ಸಿಗ್ನಲ್ಲನ್ನು ಚಾರ್ಟ್ ಕಾಗದದ ಮೇಲೆ ಮೊದಲು ಗುರುತಿಸಿದವರು ಜೋಸೆಲಿನ್ ಬೆಲ್, ಆಗ ಅವರೂ ನನ್ನ ಹಾಗೆ ಪಿಎಚ್‌ಡಿ ವಿದ್ಯಾರ್ಥಿನಿ. 1974ರ ನೊಬೆಲ್‌ನಲ್ಲಿ ಅವರ ಗೈಡ್ ಹೆಸರಿತ್ತು, ಅವರದು ಇರಲಿಲ್ಲ. 2018ರಲ್ಲಿ ಇನ್ನೊಂದು ದೊಡ್ಡ ಬಹುಮಾನದ 30 ಲಕ್ಷ ಡಾಲರ್ ಬಂದಾಗ ಅಷ್ಟನ್ನೂ, ಅವಕಾಶ ಕಡಿಮೆ ಇರುವ ಹಿನ್ನೆಲೆಯ ಸಂಶೋಧನಾ ವಿದ್ಯಾರ್ಥಿಗಳಿಗೆ ಕೊಟ್ಟುಬಿಟ್ಟರು.

ತುರುವೇಕೆರೆ ತೋಟ · ಶನಿವಾರ, ಸಂಜೆ 4:40

ನಾನು ತುಮಕೂರು ಕಡೆಯವನು, ಬೇಸಾಯ. ನ್ಯೂಟ್ರಿನೊ ನನಗೆ ಅಷ್ಟು ತಿಳಿಯದು, ಆದರೂ ಪೂರ್ತಿ ಓದಿದೆ. ನನ್ನದೊಂದು ಮಾತು ಸೇರಿಸಬೇಕು.

ನೊಬೆಲ್ ಅವರ ಉಯಿಲಿನಲ್ಲಿ ಇರುವುದು ಐದೇ: ಭೌತ, ರಸಾಯನ, ವೈದ್ಯ, ಸಾಹಿತ್ಯ, ಶಾಂತಿ. ಬೇಸಾಯಕ್ಕೆ ಜಾಗವೇ ಇಲ್ಲ. ಗೋಧಿ ತಳಿಯಿಂದ ಕೋಟಿ ಹೊಟ್ಟೆ ತುಂಬಿಸಿದ ಬೋರ್ಲಾಗ್ ಅವರಿಗೆ 1970ರಲ್ಲಿ ಶಾಂತಿ ಪ್ರಶಸ್ತಿ ಕೊಡಬೇಕಾಯಿತು. ಗಣಿತಕ್ಕೂ ಇಲ್ಲ.

ನಮ್ಮ ಮೂರೂ ಜಿಲ್ಲೆಗೆ ರಾಗಿಯೇ ಪ್ರಾಣ. ರಾಗಿ ಹೂವು ಎಷ್ಟು ಸಣ್ಣದು ಅಂದರೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಅದು ತನ್ನಲ್ಲೇ ಪರಾಗ ಮಾಡಿಕೊಳ್ಳುತ್ತದೆ. ಎರಡು ತಳಿ ಬೆರೆಸುವುದು ತುಂಬಾ ಕಷ್ಟ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ವರ್ಷಗಟ್ಟಲೆ ಕೂತು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಬೆರೆಕೆ ಮಾಡಿದರು. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್ ಎಂದು ಹೆಸರಾಯಿತು. ನಮ್ಮಪ್ಪ ಮೊದಲು ಇಂಡಾಫ್ ಹಾಕಿದ ವರ್ಷ ಕಣದಲ್ಲಿ ರಾಶಿ ನೋಡಿ ಪೂಜೆಗೆ ಇಡೀ ಕೇರಿಯನ್ನು ಕರೆದಿದ್ದರಂತೆ. ಅಮ್ಮ ಇವತ್ತಿಗೂ ಹೇಳುತ್ತಾರೆ. ಜನ ಅವರನ್ನು ರಾಗಿ ಬ್ರಹ್ಮ ಎಂದರು. ಇಂಥ ಕೆಲಸಕ್ಕೆ ಯಾವ ಕಮಿಟಿ ಸ್ಟಾಕ್‌ಹೋಮಿನಲ್ಲಿ ಕೂರುತ್ತದೆ?

ಇನ್ನೊಂದು, ಓಆರ್‌ಎಸ್. ನನ್ನ ಮಗಳಿಗೆ ಎರಡು ವರ್ಷ ಇದ್ದಾಗ ಒಂದು ರಾತ್ರಿ ವಾಂತಿಭೇದಿ ಜಾಸ್ತಿ ಆಗಿ ಕಣ್ಣು ಗುಳಿ ಬಿದ್ದಿತ್ತು. ಆಶಾ ಕಾರ್ಯಕರ್ತೆ ಕೊಟ್ಟಿದ್ದ ಪ್ಯಾಕೆಟ್ಟು ಮನೆಯಲ್ಲಿತ್ತು. ಚಮಚದಲ್ಲಿ ಬೆಳಗಿನವರೆಗೂ ಕುಡಿಸಿದೆವು. ಇವತ್ತು ಅವಳು ಏಳನೇ ಕ್ಲಾಸು. ಇದನ್ನು 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಿ ತೋರಿಸಿದವರು ಡಾ. ದಿಲೀಪ್ ಮಹಲನಬಿಸ್. ಡ್ರಿಪ್ ಬಾಟಲಿ ಮುಗಿದುಹೋಗಿತ್ತು. ಉಪ್ಪು ಸಕ್ಕರೆ ನೀರನ್ನು ಡ್ರಮ್ಮಿನಲ್ಲಿ ಕಲಸಿ ರೋಗಿಗಳ ಮನೆಯವರ ಕೈಗೇ ಕೊಟ್ಟರು. ನೂರಕ್ಕೆ ಸುಮಾರು 30 ಸಾಯುತ್ತಿದ್ದದ್ದು ನಾಲ್ಕಕ್ಕಿಂತ ಕಡಿಮೆಗೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು 2023ರಲ್ಲಿ. ನಾವೇ ತಡ ಮಾಡಿದೆವು.

ಶಿಡ್ಲಘಟ್ಟ ರೇಷ್ಮೆ · ಶನಿವಾರ, ಸಂಜೆ 5:10

ತೋಟದ ಅಣ್ಣಾ, ಓಆರ್‌ಎಸ್ ನಾನು ಬರೆಯಬೇಕಿತ್ತು, ನೀವೇ ಬರೆದಿರಿ. ಅಲ್ಲೂ ಮೂವರ ನಿಯಮವೇ ಅಡ್ಡ. ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನು ಹೀರುತ್ತದೆ ಎಂದು ಹೇಳಿದವರು ಒಬ್ಬರು. ಢಾಕಾದಲ್ಲಿ ರೋಗಿಗಳಿಗೆ ಕುಡಿಸಿ ಅಳೆದವರು ಬೇರೆ. ಶಿಬಿರದಲ್ಲಿ ಬಳಸಿದವರು ಮಹಲನಬಿಸ್. ಮೂವರನ್ನು ಆರಿಸಿದರೆ ಹತ್ತು ಜನ ಹೊರಗೆ. ಆರಿಸದಿದ್ದರೆ ಎಲ್ಲರೂ ಹೊರಗೆ.

ಗೌರಿಬಿದನೂರು ಆಂಟೆನಾ · ಶನಿವಾರ, ರಾತ್ರಿ 8:20

ಜಪಾನ್ ಕಥೆ ಬರೆಯುತ್ತೇನೆ ಎಂದಿದ್ದೆ. ಊರಿಗಾಂ ತಮ್ಮಾ, ಇದು ನಿಮ್ಮ ಅಪ್ಪ ಇಳಿಸಿದ ಕಬ್ಬಿಣದ ಕೊಳವೆಗಳಿಂದ ಶುರುವಾಗುತ್ತದೆ.

ಪ್ರೋಟಾನ್ ಕೂಡ ಎಂದೋ ಒಂದು ದಿನ ಒಡೆಯಬಹುದು ಎಂದು 1970ರ ದಶಕದಲ್ಲಿ ಹೊಸ ಸಿದ್ಧಾಂತಗಳು ಬಂದವು. ನಿಜವಾದರೆ ಭೌತಶಾಸ್ತ್ರವೇ ಬದಲಾಗುತ್ತಿತ್ತು. ಅದನ್ನು ಹುಡುಕಲೆಂದೇ ಕಟ್ಟಿದ ಉಪಕರಣಗಳಲ್ಲಿ ಕೆಜಿಎಫ್‌ನದು ತೀರಾ ಮೊದಲಿನದು. 140 ಟನ್ ಕಬ್ಬಿಣ, 2.3 ಕಿ.ಮೀ. ಆಳದಲ್ಲಿ. ಪ್ರೋಟಾನ್ ಒಡೆದ ಹಾಗೆ ಕಾಣುವ ಕೆಲವು ಗುರುತು ಸಿಕ್ಕಿವೆ ಎಂದು ನಮ್ಮವರು ಪ್ರಕಟಿಸಿದರು. ಇಡೀ ಜಗತ್ತು ಕೋಲಾರದ ಕಡೆ ತಿರುಗಿ ನೋಡಿತು. ಅದೇನಾದರೂ ನಿಂತಿದ್ದರೆ ನೊಬೆಲ್ ತಪ್ಪುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ನಿಲ್ಲಲಿಲ್ಲ. ಅಮೆರಿಕದ ಉಪ್ಪಿನ ಗಣಿಯಲ್ಲಿ, ಜಪಾನಿನ ಕಮಿಯೋಕಾ ಗಣಿಯಲ್ಲಿ ಸಾವಿರಾರು ಟನ್ ನೀರಿನ ತೊಟ್ಟಿ ಕಟ್ಟಿ ನೋಡಿದರು. ಪ್ರೋಟಾನ್ ಒಡೆಯಲಿಲ್ಲ. ಇವತ್ತಿಗೂ ಒಡೆದದ್ದು ಕಂಡಿಲ್ಲ. ನಮ್ಮವರು ಮೋಸ ಮಾಡಲಿಲ್ಲ, ಸೋಮಾರಿಗಳೂ ಅಲ್ಲ. ಆ ಕೆಲವು ಗುರುತು ಬೇರೆ ಏನೋ ಆಗಿತ್ತು, ಅಷ್ಟೇ.

ಕಮಿಯೋಕಾದವರಿಗೂ ಅವರು ಹುಡುಕಿದ್ದು ಸಿಗಲಿಲ್ಲ. ಆದರೆ ಅವರು ತೊಟ್ಟಿಯನ್ನು ಇನ್ನೂ ಸೂಕ್ಷ್ಮ ಮಾಡಿದರು, ಸೂರ್ಯನ ನ್ಯೂಟ್ರಿನೊ ಕಾಣುವ ಹಾಗೆ. ಅಷ್ಟರಲ್ಲಿ 1987ರ ಫೆಬ್ರವರಿ 23ರಂದು ಪಕ್ಕದ ಗೆಲಾಕ್ಸಿಯ ಒಂದು ನಕ್ಷತ್ರ ಸಿಡಿದ ನ್ಯೂಟ್ರಿನೊಗಳು ಭೂಮಿ ತಲುಪಿದವು. ರೈನೆಸ್ ಅವರ ಫೆಬ್ರವರಿ 23 ನೆನಪಿದೆಯಲ್ಲ, ಸರಿಯಾಗಿ 22 ವರ್ಷ! ತೊಟ್ಟಿಯಲ್ಲಿ ಸುಮಾರು ಹನ್ನೊಂದು ಮಿಂಚು. ತಂಡದ ಮುಖ್ಯಸ್ಥ ಕೊಶಿಬಾ ನಿವೃತ್ತಿಗೆ ಒಂದು ತಿಂಗಳು ಉಳಿದಿತ್ತು. 2002ರಲ್ಲಿ ನೊಬೆಲ್. ಆಮೇಲೆ 50,000 ಟನ್ ನೀರಿನ ತೊಟ್ಟಿ ಕಟ್ಟಿದರು, 1996ರಲ್ಲಿ ಶುರುವಾಯಿತು. ಅದರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನೇ ಸಾವಿರಗಟ್ಟಲೆ ಎಣಿಸಿದರು. ಭೂಮಿಯ ಆ ಬದಿಯಿಂದ ತೂರಿ ಬರುವ ಮ್ಯೂಯಾನ್ ನ್ಯೂಟ್ರಿನೊ ಎಂಬ ಬಗೆ ಲೆಕ್ಕದ ಹೆಚ್ಚುಕಡಿಮೆ ಅರ್ಧ ಮಾತ್ರ ಇತ್ತು. ದಾರಿಯಲ್ಲಿ ಅವು ಬಗೆ ಬದಲಿಸುತ್ತಿದ್ದವು. 1998ರಲ್ಲಿ ಹೇಳಿದರು. 2015ರಲ್ಲಿ ಆ ತಂಡದ ಕಜಿತ ಅವರಿಗೆ ನೊಬೆಲ್, ಕೆನಡಾದ ಮೆಕ್‌ಡೊನಾಲ್ಡ್ ಜೊತೆಗೆ.

ಕೋಲಾರದವರು ಮೊದಲು ಪ್ರಕಟಿಸಿದ ಅದೇ ವಾತಾವರಣದ ನ್ಯೂಟ್ರಿನೊ ಇದು. 1965ರ ತಂಡದಲ್ಲಿ ಜಪಾನಿನವರೂ ಇದ್ದರು ಎಂಬುದನ್ನು ಮರೆಯಬೇಡಿ.

ಬಂಗಾರಪೇಟೆ ಪ್ಯಾಸೆಂಜರ್ · ಶನಿವಾರ, ರಾತ್ರಿ 9:15

ಸಾರ್, ಎರಡು ಸಲ ಓದಿದೆ. ಸಿಟ್ಟು ಇಳಿಯಲಿಲ್ಲ, ಜಾಗ ಬದಲಾಯಿತು. ಅವರು ತೊಟ್ಟಿ ದೊಡ್ಡದು ಮಾಡುತ್ತಾ ಹೋದರು, ನಾವು ಗಣಿ ಮುಚ್ಚಿದೆವು. 1990ರ ದಶಕದ ಆರಂಭಕ್ಕೆ ಪ್ರಯೋಗ ನಿಂತಿತು. 2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು. ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ! ಒಂದು ಶಾಫ್ಟನ್ನಾದರೂ ವಿಜ್ಞಾನಕ್ಕೆ ಉಳಿಸಿಕೊಳ್ಳಬಹುದಿತ್ತು ಅಲ್ವಾ? ಆಮೇಲೆ ತಮಿಳುನಾಡಿನ ತೇಣಿಯಲ್ಲಿ ಹೊಸ ನ್ಯೂಟ್ರಿನೊ ಕೇಂದ್ರ ಎಂದರು, 2015ರಲ್ಲಿ ಕೇಂದ್ರ ಸಂಪುಟ ಒಪ್ಪಿತು, ಅದೂ ಬೆಟ್ಟದ ಬುಡದಲ್ಲೇ ನಿಂತಿದೆ.

ಊರಿಗಾಂ ಹುಡುಗ · ಶನಿವಾರ, ರಾತ್ರಿ 10:50

ಅಣ್ಣಾ, ಉಳಿಸಿಕೊಳ್ಳಬಹುದಿತ್ತು ಎನ್ನುವುದು ಸುಲಭ. ಗಣಿ ಎಂದರೆ ಕೊರೆದ ಬಾವಿ ಅಲ್ಲ, ದಿನಾ ಬದುಕಿಸಬೇಕು. ನೀರು ಮೇಲಕ್ಕೆತ್ತುವ ಪಂಪು ಹಗಲೂ ರಾತ್ರಿ ಓಡಬೇಕು. ಗಾಳಿ ಕಳಿಸಬೇಕು, ಕೇಜಿನ ಹಗ್ಗ ನೋಡಬೇಕು, ಗೋಡೆಗೆ ಆಧಾರ ಕೊಡಬೇಕು. ಅದಕ್ಕೆಲ್ಲ ಸಾವಿರಾರು ಜನ. ಟನ್ ಕಲ್ಲು ಒಡೆದರೂ ಕೆಲವೇ ಗ್ರಾಂ ಚಿನ್ನ ಬರುವ ಕಾಲ ಬಂದಿತ್ತು. ಚಿನ್ನ ಇರುವವರೆಗೆ ವಿಜ್ಞಾನ ಅದರ ನೆರಳಿನಲ್ಲಿ ನಡೆಯಿತು. ಗಣಿ ನಿಂತ ಮೇಲೆ ಪಂಪಿನ ಕರೆಂಟು ಬಿಲ್ಲು ಕಟ್ಟುವವರು ಯಾರು?

ನನ್ನ ದುಃಖ ಬೇರೆ. ಸಾರ್ ಹನ್ನೊಂದು ಹೆಸರು ಎಂದರು. ಆ ಹನ್ನೊಂದು ಜನಕ್ಕೆ ಕೇಜು ಇಳಿಸಿದವನು, ಸುರಂಗ ಅಗೆದವನು, ಬಿಸಿಯಲ್ಲಿ ಪೆಟ್ಟಿಗೆ ಹೊತ್ತವನು, ಅವರ ಲೆಕ್ಕ ಯಾವ ಪ್ರಬಂಧದಲ್ಲೂ ಇಲ್ಲ. ತಾತ ಕೊನೆಗೆ ಕೆಮ್ಮಿ ಕೆಮ್ಮಿ ಹೋದರು. ಕಲ್ಲಿನ ಧೂಳು. ನಾನು ನೊಬೆಲ್ ಕೇಳುತ್ತಿಲ್ಲ. ಆ ಹುಡುಗಿಯ ಚಾರ್ಟಿನ ಮೂಲೆಯಲ್ಲಿ "ಗಣಿ ಕಾರ್ಮಿಕರು" ಎಂಬ ಒಂದು ಪದ ಇದ್ದರೆ ಸಾಕು.

ಗೌರಿಬಿದನೂರು ಆಂಟೆನಾ · ಶನಿವಾರ, ರಾತ್ರಿ 11:20

ತಮ್ಮಾ, ಈ ಮಾತು ನಾನೇ ಮೊದಲು ಬರೆಯಬೇಕಿತ್ತು. ಕ್ಷಮಿಸಿ.

ಮಾಲೂರು ಮೇಷ್ಟ್ರು · ಭಾನುವಾರ, ಬೆಳಗ್ಗೆ 10:00

ಎಲ್ಲರಿಗೂ ಕೈ ಮುಗಿದು ಹೇಳುತ್ತೇನೆ, ಇಷ್ಟು ಬರುತ್ತದೆ ಎಂದುಕೊಂಡಿರಲಿಲ್ಲ. ಅವಳಿಗೆ ಕೊಡಲು ಹೀಗೆ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ.

"ಮಗಳೇ, ಶುಕ್ರವಾರ ನಾನು ಹೇಳಿದ್ದು ಅರ್ಧ ಉತ್ತರ. ನಮ್ಮವರನ್ನು ಕಡೆಗಣಿಸಿದ್ದು ಉಂಟು. ಬಿಭಾ ಚೌಧುರಿ, ಶಂಭುನಾಥ ಡೇ ಅವರ ಕಥೆ ಹೇಳುತ್ತೇನೆ. ಆದರೆ 1965ರ ಕೆಲಸಕ್ಕೆ ಯಾರಿಗೂ ನೊಬೆಲ್ ಬರಲಿಲ್ಲ, ನಮ್ಮ ಜೊತೆ ಓಡಿದ ರೈನೆಸ್ ಅವರಿಗೂ ಅದಕ್ಕೆ ಬರಲಿಲ್ಲ. ಕೋಲಾರದವರು ಹೊಸ ಬಾಗಿಲು ತೆರೆದರು. ಒಳಗೆ ಅಚ್ಚರಿ ಇತ್ತು. ಅದನ್ನು ನೋಡಲು ಸಾವಿರ ಪಟ್ಟು ದೊಡ್ಡ ಉಪಕರಣ, ಇನ್ನೂ ಮೂವತ್ತು ವರ್ಷ ಬೇಕಾಯಿತು. ನಮ್ಮ ಗಣಿ ಅಷ್ಟು ಕಾಲ ಉಳಿಯಲಿಲ್ಲ. ಚಾರ್ಟಿನಲ್ಲಿ 'ಮೊದಲು ಪ್ರಕಟವಾದದ್ದು ಕೋಲಾರದಿಂದ' ಎಂದು ತಿದ್ದು. ಕೆಳಗೆ ವಿಜ್ಞಾನಿಗಳ ಜೊತೆ ಗಣಿ ಕಾರ್ಮಿಕರು ಎಂದೂ ಬರೆ."

ಶಿಡ್ಲಘಟ್ಟ ರೇಷ್ಮೆ · ಭಾನುವಾರ, ಬೆಳಗ್ಗೆ 10:35

ಚೆನ್ನಾಗಿದೆ ಸಾರ್. "ಸಾವಿರ ಪಟ್ಟು" ಬೇಡ, "ತುಂಬಾ ದೊಡ್ಡ" ಎಂದರೆ ಸಾಕು. ಅವಳು ಅದನ್ನೂ ಲೆಕ್ಕ ಹಾಕಿ ಕೇಳುತ್ತಾಳೆ.

ಮಾಲೂರು ಮೇಷ್ಟ್ರು · ಸೋಮವಾರ, ಸಂಜೆ 6:10

ತಿದ್ದಿ ಕೊಟ್ಟೆ. ನಿಂತಲ್ಲೇ ಎರಡು ಸಲ ಓದಿದಳು. "ಹಾಗಾದ್ರೆ ನಾವು ಸೋತಿಲ್ಲ ಅಲ್ವಾ ಸಾರ್, ನಿಲ್ಲಿಸಿದ್ವಿ ಅಷ್ಟೇ" ಅಂದಳು. ಚಾರ್ಟನ್ನು ಮಧ್ಯಾಹ್ನವೇ ತಿದ್ದಿದ್ದಾಳೆ. ಆಮೇಲೆ ಇನ್ನೊಂದು ಕೇಳಿದಳು, ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ, ಈ ಸಲ ಇಲ್ಲ ಎಂದೇ ಹೇಳಿದೆ. ಆ ಪ್ರಯೋಗ ಮಾಡಿದ ಜಾಗದಲ್ಲಿ ಈಗ ಏನಿದೆ, ನೋಡಬಹುದಾ ಅಂತ.

ಊರಿಗಾಂ ಹುಡುಗ · ಸೋಮವಾರ, ರಾತ್ರಿ 8:30

ನೋಡಲು ಆಗುವುದಿಲ್ಲ ಮೇಷ್ಟ್ರೇ. ಪಂಪು ನಿಂತ ಮೇಲೆ ಕೆಳಗೆಲ್ಲ ನೀರು ತುಂಬಿದೆ. ಆದರೆ ಅಪ್ಪ ಆ ಸುರಂಗದಲ್ಲಿ ನಡೆದವರು. ಈ ಮಾತುಕತೆ ಪೂರ್ತಿ ಅವರಿಗೆ ಓದಿ ಹೇಳಿದೆ. "ಆ ಪಾಪುಗೆ ನಾನೇ ಹೇಳ್ತೀನಿ, ಕರ್ಕೊಂಡು ಹೋಗು" ಅಂದರು. ಮಂಡಿ ನೋವು, ಬಸ್ಸು ಹತ್ತುವುದು ಕಷ್ಟ, ಆಟೋ ಮಾಡಿಕೊಂಡು ಬರುತ್ತೇವೆ. ಅವರ ಹಳೇ ಕ್ಯಾಪ್ ಲ್ಯಾಂಪು ಇನ್ನೂ ಇದೆ, ತರುತ್ತಾರಂತೆ. ಶನಿವಾರ ಬೆಳಗ್ಗೆ ಸ್ಕೂಲು ಎಷ್ಟು ಗಂಟೆಗೆ?